ಗೇಣನ ಎಡಗಾಲು

ಗೇಣನಿಗೆ ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಅದು ಹೋದದ್ದು ನನ್ನಿಂದ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹನ್ನೊಂದು ವರ್ಷ ಬಾಯಿ ಬಿಡದವನಿಗೆ ಈಗ ಸುತ್ತಿ ಬಳಸಿ ಮಾತನಾಡುವ ಯೋಗ್ಯತೆ ಇಲ್ಲ. ಗೇಣನಿಗೆ ವಿಷಯ ಗೊತ್ತಿರಲಿಲ್ಲ. ಗೊತ್ತಾದ ದಿನ ಅವನ ಮನೆಯ ಬಾಗಿಲು ನನಗೆ ಮುಚ್ಚೀತು ಎಂಬ ಹೆದರಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನಾನು ಅಷ್ಟೂ ವರ್ಷ ಅವನ ಎದುರು ಕೂತು ಟೀ ಕುಡಿದೆ.

ಗೇಣ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಸೈನ್ಯಕ್ಕೆ ಸೇರುವಾಗ ಎತ್ತರ ಅಳೆಯುವ ಕೋಲಿನ ಕೆಳಗೆ ನಿಂತು, ಉಸಿರು ಎಳೆದುಕೊಂಡು, ಕತ್ತು ಚಾಚಿ, ಹೇಗೋ ಪಾಸಾದವನು ಅವನು. ‘ಕೂದಲು ಸೇರಿಸಿ ಅಳೆದರು, ಮಾರನೇ ದಿನ ಬೋಳಿಸಿಬಿಟ್ಟರು’ ಎಂದು ಅವನೇ ನಗಾಡುತ್ತಿದ್ದ. ಗೇಣುದ್ದ ಇದ್ದವನು ಗೇಣನಾದ. ನಾನು ಅದೇ ಸಾಲಿನಲ್ಲಿ ಎಲ್ಲರ ತಲೆಯ ಮೇಲಿಂದ ಕಾಣುತ್ತಿದ್ದೆ. ನನ್ನನ್ನು ಏಣಿ ಎಂದರು. ನಾವಿಬ್ಬರೂ ಹಿಂದೆ ಮುಂದೆ ನಿಂತರೆ ಇಡೀ ತುಕಡಿ ನಗುತ್ತಿತ್ತು.

ಈಗ ಅವನು ದರ್ಜಿ. ಕೀಲಿ ಮಾಡುವವನ ಗೂಡಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡಿರುವ ಒಂದು ಕೋಣೆ. ಇಬ್ಬರು ಒಳಗೆ ಬಂದರೆ ಮೂರನೆಯವನು ಬಾಗಿಲಲ್ಲೇ ನಿಂತು ಅಳತೆ ಕೊಡಬೇಕು. ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿಕೊಂಡಿದ್ದಾನೆ, ಬಲಗಾಲಿನಲ್ಲಿ ಒತ್ತಿದರೆ ಓಡುತ್ತದೆ. ಸೆಕೆಯಾದಾಗ ಕೃತಕ ಕಾಲನ್ನು ಬಿಚ್ಚಿ ಬಟ್ಟೆಯ ತಾನುಗಳ ಪಕ್ಕ ಗೋಡೆಗೆ ಒರಗಿಸಿಡುತ್ತಾನೆ. ಗಿರಾಕಿಗಳು ಬೆಚ್ಚಿಬಿದ್ದರೆ ‘ಹೆದರ್ಬೇಡಿ ಸ್ವಾಮಿ, ಅದು ಒದೆಯಲ್ಲ’ ಎನ್ನುತ್ತಾನೆ. ಅವನ ಹೆಂಡತಿ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಕಾಜಾ ಹಾಕುತ್ತಾಳೆ, ಗುಂಡಿ ಹೊಲಿಯುತ್ತಾಳೆ, ಹೇಳಿದ ದಿನಕ್ಕೆ ಬಟ್ಟೆ ಕೇಳಿಕೊಂಡು ಬಂದವರಿಗೆ ಗಂಡನ ಪರವಾಗಿ ಸುಳ್ಳು ಹೇಳುತ್ತಾಳೆ.

ನಾನು ಬೇಕರಿಯ ವ್ಯಾನ್ ಓಡಿಸುತ್ತೇನೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಬೇಡಿ, ನಿದ್ದೆಯಲ್ಲಿ ಕಿರುಚುವವನಿಗೆ ಯಾರು ಹೆಣ್ಣು ಕೊಡುತ್ತಾರೆ? ಪ್ರತಿ ಭಾನುವಾರ ಮಧ್ಯಾಹ್ನದ ಊಟ ಗೇಣನ ಮನೆಯಲ್ಲಿ. ‘ಅಣ್ಣ ಬಂದ್ರು, ತಟ್ಟೆ ಹಾಕು’ ಎಂದು ಅವನ ಹೆಂಡತಿ ಮಗಳಿಗೆ ಹೇಳುವುದು ಹೊರಗಿನ ಮೆಟ್ಟಿಲಿಗೇ ಕೇಳಿಸುತ್ತಿತ್ತು. ನನಗೆ ಈ ಭೂಮಿಯ ಮೇಲೆ ತಟ್ಟೆ ಹಾಕುತ್ತಿದ್ದದ್ದು ಅದೊಂದೇ ಮನೆ.

ಅಲ್ಲಿ ಕೂತಾಗಲೂ ನೆಮ್ಮದಿ ಇರಲಿಲ್ಲ. ಗೇಣ ತಲೆ ಎತ್ತಿ ‘ಲೋ ಏಣಿ, ಒಂದ್ ವಿಷ್ಯ ಕೇಳ್ಬೇಕಿತ್ತು ಕಣೋ’ ಅಂದರೆ ನಾನು ಟೀ ಲೋಟ ಕೆಳಗಿಟ್ಟು ಬಾಗಿಲ ಕಡೆ ನೋಡುತ್ತಿದ್ದೆ. ಅವನು ಕೇಳುತ್ತಿದ್ದದ್ದು ಇಷ್ಟೇ: ‘ಈ ಬೂದಿ ಬಟ್ಟೆಗೆ ಕಪ್ಪು ಗುಂಡಿ ಒಪ್ಪುತ್ತಾ?’ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಬಾಳು ನನ್ನದು.

ಆ ದಿನ ಏನಾಯಿತು ಅಂತ ಹೇಳುತ್ತೇನೆ.

ನಮ್ಮ ತುಕಡಿಯ ಮುಖ್ಯಸ್ಥನನ್ನು ಮೇಸ್ತ್ರಿ ಎನ್ನುತ್ತಿದ್ದೆವು. ಸೈನ್ಯಕ್ಕೆ ಬರುವ ಮೊದಲು ಗಾರೆ ಕೆಲಸ ಮಾಡಿಸುತ್ತಿದ್ದವನು, ಬೈದರೆ ಮೂರು ದಿನ ಕಿವಿ ಗುಂಯ್ ಅನ್ನಬೇಕು. ನೆಲಬಾಂಬು ಹೂತ ಜಾಗ ದಾಟುವುದನ್ನು ನಮಗೆ ಕಲಿಸಿದವನು ಅವನೇ. ಮುಂದಿನವನ ಕೈಯಲ್ಲಿ ಒಂದು ಕಬ್ಬಿಣದ ಸಲಾಕೆ. ಕುಕ್ಕರಗಾಲಿನಲ್ಲಿ ಕೂತು, ಅದನ್ನು ಓರೆಯಾಗಿ, ಮೆಲ್ಲಗೆ ಮಣ್ಣಿಗೆ ಚುಚ್ಚಬೇಕು. ಗಟ್ಟಿಯಾದದ್ದೇನೂ ತಾಗದಿದ್ದರೆ ಅಲ್ಲಿ ಒಂದು ಹೆಜ್ಜೆ. ಮತ್ತೆ ಚುಚ್ಚು, ಮತ್ತೆ ಒಂದು ಹೆಜ್ಜೆ. ಹಿಂದಿನವರೆಲ್ಲ ಅದೇ ಹೆಜ್ಜೆಯ ಗುರುತಿನಲ್ಲಿ ಪಾದ ಇಡಬೇಕು. ಇಷ್ಟು ಎಲ್ಲರಿಗೂ ಗೊತ್ತಿರುವುದು, ಪುಸ್ತಕದಲ್ಲೂ ಇರುವುದು. ಪುಸ್ತಕದಲ್ಲಿಲ್ಲದ ಒಂದು ಮಾತನ್ನು ಮೇಸ್ತ್ರಿ ಸೇರಿಸಿದ್ದ: ಮುಂದಿನವನು ತನ್ನ ಕಾಲಿನ ಅಳತೆಗೆ ನಡೆಯಬಾರದು, ಸಾಲಿನಲ್ಲಿ ಎಲ್ಲರಿಗಿಂತ ಗಿಡ್ಡ ಯಾರೋ ಅವನ ಅಳತೆಗೆ ನಡೆಯಬೇಕು.

ಇದನ್ನು ನನ್ನ ತಲೆಗೆ ಹತ್ತಿಸಲು ಅವನು ನನ್ನ ಎರಡೂ ಕಾಲಿಗೆ ಹಗ್ಗ ಕಟ್ಟಿ, ಗೇಣನ ಹೆಜ್ಜೆಯಷ್ಟೇ ಸಡಿಲ ಬಿಟ್ಟು, ಮೈದಾನದ ತುಂಬ ನಡೆಸಿದ್ದ. ನಾನು ಮುಗ್ಗರಿಸಿ ಬಿದ್ದಾಗಲೆಲ್ಲ ಗೇಣ ಹಿಂದಿನಿಂದ ‘ಮದುಮಗಳ ನಡಿಗೆ ನೋಡ್ರಪ್ಪೋ!’ ಎಂದು ಕೂಗುತ್ತಿದ್ದ.

ಯುದ್ಧ ಶುರುವಾಗಿ ಎರಡನೇ ತಿಂಗಳು ನಮ್ಮನ್ನು ಊರಾಚೆಯ ಒಂದು ಪಂಪ್‌ಹೌಸ್ ಕಾಯಲು ಕಳಿಸಿದರು. ಒಳಗೆ ನಿಂತುಹೋದ ಎರಡು ದೊಡ್ಡ ಪಂಪುಗಳು, ಗ್ರೀಸಿನ ವಾಸನೆ. ಕೆಲಸಗಾರ ಬಿಟ್ಟುಹೋದ ಕುರ್ಚಿಯ ಬೆನ್ನಿಗೆ ಅವನ ಟವೆಲ್ ಹಾಗೇ ನೇತಾಡುತ್ತಿತ್ತು. ಹಿಂದೆ ನೂರಡಿ ಅಗಲದ ಬಯಲು, ಅದರಾಚೆ ನಮ್ಮವರಿದ್ದ ಒಣಕಾಲುವೆ. ಬಯಲಿನಲ್ಲಿ ಶತ್ರುಗಳು ಬಾಂಬು ಹೂತಿದ್ದರು. ಹೋಗುವಾಗ ಮೇಸ್ತ್ರಿಯೇ ಸಲಾಕೆ ಹಿಡಿದು, ಚಿಕ್ಕ ಚಿಕ್ಕ ಹೆಜ್ಜೆ ಹಾಕಿ ನಮ್ಮನ್ನು ದಾಟಿಸಿದ. ಏಳು ಜನ ಕೋಳಿಮರಿಗಳ ಹಾಗೆ ಹಿಂದೆ ಹೋದೆವು.

ಮೂರನೇ ದಿನ ಬೆಳಗ್ಗೆ ಷೆಲ್ ದಾಳಿ ಶುರುವಾಯಿತು. ಷೆಲ್ ಬರುವಾಗ ಮೊದಲು ಶಬ್ದ ಕೇಳಿಸುತ್ತದೆ. ಆ ಶಬ್ದಕ್ಕೂ ಸ್ಫೋಟಕ್ಕೂ ನಡುವೆ ಒಂದು ಉಸಿರಿನಷ್ಟು ಹೊತ್ತು ಸಿಗುತ್ತದೆ, ಆ ಹೊತ್ತಿನಲ್ಲಿ ಮನುಷ್ಯನಿಗೆ ಮಾನ ಮರ್ಯಾದೆ ಯಾವುದೂ ಇರುವುದಿಲ್ಲ. ನಾನು ಪಂಪಿನ ಕೆಳಗೆ ತೂರಿಕೊಂಡು ಪ್ಯಾಂಟಿನಲ್ಲೇ ಉಚ್ಚೆ ಹೊಯ್ದುಕೊಂಡೆ. ಗೇಣ ನನ್ನ ಪಕ್ಕದಲ್ಲೇ ಮುದುಡಿದ್ದ. ಅವನ ಹಲ್ಲು ಕಟಕಟ ಅನ್ನುತ್ತಿತ್ತು, ಆದರೂ ‘ಏಣಿ, ಪಂಪು ಸೋರ್ತಿದೆ ಕಣೋ’ ಅಂದ. ಅಂಥ ಹೊತ್ತಲ್ಲಿ ನಗಿಸುವವನು ಪುಣ್ಯಾತ್ಮ.

ಹತ್ತು ಗಂಟೆಯ ಹೊತ್ತಿಗೆ ಒಂದು ಮೂಲೆ ಕುಸಿಯಿತು. ಮೂವರು ಅಲ್ಲೇ ಹೋದರು. ಮೇಸ್ತ್ರಿಯ ಹೊಟ್ಟೆಗೆ ಗೋಡೆಯ ಕಬ್ಬಿಣ ಹೊಕ್ಕಿತ್ತು. ಹಿಂದೆ ಬನ್ನಿ ಎಂದು ವಯರ್‌ಲೆಸ್ಸಿನಲ್ಲಿ ಆಜ್ಞೆ ಬಂದಾಗ ಅವನು ಸಲಾಕೆಯನ್ನು ನನ್ನ ಕೈಗಿಟ್ಟು ಒಂದೇ ಮಾತು ಹೇಳಿದ: ‘ಅವನ ಅಳತೆ. ನಿಂದಲ್ಲ.’ ನಾವು ಹೊರಡುವ ಮೊದಲೇ ಅವನ ಪ್ರಾಣ ಹೋಗಿತ್ತು.

ಉಳಿದವರು ನಾಲ್ವರು. ನಾನು ಮುಂದೆ. ನನ್ನ ಹಿಂದೆ ವಯರ್‌ಲೆಸ್ ಪೆಟ್ಟಿಗೆ ಹೊತ್ತ ಗೇಣ. ಅವನ ಹಿಂದೆ ಒಬ್ಬ ಅಡುಗೆಯವನು, ಅವನ ಬೆನ್ನ ಮೇಲೆ ಗಾಯಗೊಂಡ ಇನ್ನೊಬ್ಬ. ಷೆಲ್ ಬಿದ್ದು ಬಯಲೆಲ್ಲ ಉತ್ತು ಹಾಕಿದಂತಾಗಿತ್ತು. ಮೇಸ್ತ್ರಿಯ ಹಳೆಯ ಹೆಜ್ಜೆಗಳು ಎಲ್ಲೂ ಇಲ್ಲ. ಮೊದಲಿನಿಂದ ಚುಚ್ಚಿಕೊಂಡು ಹೋಗಬೇಕಿತ್ತು.

ಅರ್ಧ ದಾರಿ ಸರಿಯಾಗಿ ಹೋದೆ. ದೇವರಾಣೆಗೂ ಸರಿಯಾಗಿಯೇ ಹೋದೆ. ಚುಚ್ಚು, ಹೆಜ್ಜೆ, ಚುಚ್ಚು, ಹೆಜ್ಜೆ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಸಲಾಕೆಗೆ ಒಂದು ಕಲ್ಲು ಟಣ್ ಎಂದು ತಾಗಿದಾಗ ಜೀವ ಬಾಯಿಗೆ ಬಂತು. ಆಮೇಲೆ ಎಡಗಡೆಯ ದಿಬ್ಬದಿಂದ ಮೆಷಿನ್‌ಗನ್ ಸಿಡಿಯತೊಡಗಿತು. ಗುಂಡುಗಳು ನನ್ನ ಮುಂದಿನ ಮಣ್ಣನ್ನು ಸಾಲಾಗಿ ಚಿಮ್ಮಿಸಿಕೊಂಡು ಹೋದವು. ನಿಂತಿರುವಂತಿಲ್ಲ, ಓಡುವಂತಿಲ್ಲ.

ಹೆಜ್ಜೆ ದೊಡ್ಡದಾದರೆ ಚುಚ್ಚುವುದು ಕಡಿಮೆ. ಐದು ಕಡೆ ಚುಚ್ಚುವಲ್ಲಿ ಮೂರು ಕಡೆ ಚುಚ್ಚಿದರೆ ಸಾಕು. ಈ ಲೆಕ್ಕ ನನ್ನ ತಲೆಗೆ ಯಾವಾಗ ಬಂತೋ ಗೊತ್ತಿಲ್ಲ, ಕಾಲಿಗಂತೂ ಬಂದುಬಿಟ್ಟಿತ್ತು. ಕೈ ಚಾಚಿದಷ್ಟು ದೂರ ಚುಚ್ಚಿ, ಕಾಲು ಚಾಚಿದಷ್ಟು ದೂರ ಇಟ್ಟೆ. ಇನ್ನೊಂದು. ಮತ್ತೊಂದು. ಹಿಂದಿನಿಂದ ಗೇಣ ಕೂಗಿದ: ‘ಏಣಿ, ಎಟುಕ್ತಿಲ್ಲ! ಏಣಿ!’

ನನಗೆ ಕೇಳಿಸಿತು. ಗದ್ದಲದಲ್ಲಿ ಕೇಳಿಸಲಿಲ್ಲ ಎಂದು ನಾನು ನನಗೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸುಳ್ಳು. ಎರಡು ಸಲವೂ ಸ್ಪಷ್ಟವಾಗಿ ಕೇಳಿಸಿತು. ನಾನು ಇನ್ನೊಂದು ದೊಡ್ಡ ಹೆಜ್ಜೆ ಹಾಕಿದೆ.

ಬೆನ್ನಿಗೆ ಬಿಸಿ ಮಣ್ಣು ಬಡಿದು ಬೋರಲು ಬಿದ್ದೆ. ತಿರುಗಿದಾಗ ಹೊಗೆ. ಗೇಣ ಮಲಗಿದ್ದ, ಪೆಟ್ಟಿಗೆ ಅವನ ಕುತ್ತಿಗೆಗೆ ಏರಿತ್ತು, ಎಡಗಾಲಿನ ಬೂಟು ಅವನಿಂದ ಐದಾರು ಅಡಿ ಆಚೆ ನೆಟ್ಟಗೆ ನಿಂತಿತ್ತು. ಅವನು ಹಾರಿದ್ದ. ಪೆಟ್ಟಿಗೆ ಹೊತ್ತುಕೊಂಡು ನನ್ನ ಹೆಜ್ಜೆಗೆ ಹಾರಿ, ಒಂದು ಮೊಳ ಹಿಂದೆಯೇ ಬಿದ್ದಿದ್ದ. ಗುರುತು ನನಗೆ ಕಾಣುತ್ತಿತ್ತು.

ನಾನು ವಾಪಸು ಹೋಗಿ ಅವನನ್ನು ಹೊತ್ತುಕೊಂಡೆ. ಇದು ನಿಜ. ಉಳಿದ ಇಪ್ಪತ್ತಡಿಯನ್ನು ಅವನನ್ನು ಬೆನ್ನಿಗೆ ಹಾಕಿಕೊಂಡೇ, ಗೇಣು ಗೇಣಿಗೂ ಚುಚ್ಚಿ ದಾಟಿದೆ. ಬುದ್ಧಿ ಆಗ ಬಂತು, ಹಾಳು ಬುದ್ಧಿ. ಕಾಲುವೆಯಲ್ಲಿದ್ದವರು ನನ್ನ ಬೆನ್ನು ತಟ್ಟಿದರು. ಗೆಳೆಯನ ಪ್ರಾಣ ಉಳಿಸಿದ ಎಂದು ಪತ್ರವೊಂದನ್ನೂ ಕೊಟ್ಟರು. ತಲೆ ತಗ್ಗಿಸಿ ಹೊರೆ ಹೊತ್ತು ತುಸು ಹಿಂದೆ ಬರುತ್ತಿದ್ದ, ಗೇಣನಷ್ಟು ಗಿಡ್ಡನಲ್ಲದ ಅಡುಗೆಯವನಿಗೆ ಆ ಕೂಗು ಗುಂಡಿನ ಸದ್ದಿನಲ್ಲಿ ಕೇಳಿಸಿರಲಿಲ್ಲ, ಮುಂದೆ ಏನಾಯಿತೆಂದೂ ಅವನು ನೋಡಿರಲಿಲ್ಲ. ಅವನ ಬೆನ್ನ ಮೇಲಿದ್ದವನು ಸಂಜೆಯೊಳಗೆ ತೀರಿಕೊಂಡ.

ಗೇಣನಿಗೆ ಆ ಬೆಳಗಿನ ನೆನಪು ಪಂಪ್‌ಹೌಸಿನ ಬಾಗಿಲಿನವರೆಗೆ ಮಾತ್ರ ಉಳಿದಿತ್ತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಮೂರನೇ ದಿನ, ಹೊದಿಕೆಯ ಕೆಳಗಿನ ಖಾಲಿ ಜಾಗವನ್ನು ಕೈಯಿಂದ ತಡವುತ್ತಾ ನನ್ನನ್ನು ಕೇಳಿದ: ‘ಏನಾಯ್ತೋ? ನಾನೇನ್ ಮಾಡ್ದೆ?’

ಹೇಳಲು ಅದೇ ಸಮಯ. ಬಾಯಿ ತೆರೆದೆ ಕೂಡ. ಅವನ ಹೆಂಡತಿ ಆಚೆ ಬದಿಯಲ್ಲಿ ನಿಂತು, ಕಣ್ಣೀರು ಸುರಿಸುತ್ತಾ, ‘ನೀವಿಲ್ದಿದ್ರೆ ಇವ್ರು ಉಳೀತಿರ್ಲಿಲ್ಲ ಅಣ್ಣ’ ಎಂದು ಕೈ ಮುಗಿದಳು. ನನ್ನ ನಾಲಿಗೆ ತಿರುಗಿಬಿಟ್ಟಿತು. ‘ನೀನು ಹೆಜ್ಜೆ ತಪ್ಪಿದೆ ಕಣೋ’ ಅಂದೆ. ವಿಚಾರಣೆಗೆ ಬಂದ ಅಧಿಕಾರಿಗೂ ಅದನ್ನೇ ಹೇಳಿದೆ. ಅವರು ಅದನ್ನೇ ಬರೆದುಕೊಂಡರು.

ಇಷ್ಟಕ್ಕೇ ಮುಗಿದಿದ್ದರೆ ಒಂದು ಮಾತು. ಎರಡು ವರ್ಷದ ಮೇಲೆ ತರಬೇತಿ ಶಿಬಿರದವರು ಗೇಣನನ್ನು ಕರೆದರು. ಹೊಸದಾಗಿ ಸೇರಿದವರಿಗೆ ನಿಮ್ಮ ಅನುಭವ ಹೇಳಿ ಎಂದರು. ಅಲ್ಲಿಂದ ಪ್ರತಿ ವರ್ಷ ಹೋಗುವುದು, ನಾನೇ ವ್ಯಾನಿನಲ್ಲಿ ಕರೆದುಕೊಂಡು ಹೋಗುವುದು. ಅವನು ಕುರ್ಚಿಯ ಮೇಲೆ ಕೂತು, ಕೃತಕ ಕಾಲು ಬಿಚ್ಚಿ ಮೇಜಿನ ಮೇಲಿಡುತ್ತಿದ್ದ. ‘ನೋಡ್ರಪ್ಪಾ, ನನ್ ಥರ ಅಜಾಗ್ರತೆ ಮಾಡ್ಬೇಡಿ. ಮುಂದೆ ಇದ್ದೋನು ಚೆನ್ನಾಗೇ ಹೆಜ್ಜೆ ಹಾಕ್ಕೊಟ್ಟಿದ್ದ. ಇಡೋಕೆ ನನಗೆ ಬರ್ಲಿಲ್ಲ. ಅಗೋ, ಹಿಂದೆ ಕೂತಿದಾನಲ್ಲ, ಅವ್ನೇ ನನ್ನ ಹೊತ್ಕೊಂಡ್ ಬಂದಿದ್ದು. ಏಳೋ ಏಣಿ!’ ನಾನು ಎದ್ದು ನಿಲ್ಲಬೇಕು. ನೂರು ಜನ ಚಪ್ಪಾಳೆ ತಟ್ಟುತ್ತಿದ್ದರು. ಷೆಲ್ ಬೀಳುವಾಗಲೂ ನನಗೆ ಅಷ್ಟು ಹೆದರಿಕೆಯಾಗಿರಲಿಲ್ಲ.

ಈ ವರ್ಷ ಹೊಸ ತರಬೇತುದಾರ ಬಂದಿದ್ದ. ಮಾತು ಮುಗಿದ ಮೇಲೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋದ. ಮೈದಾನದ ಒಂದು ಭಾಗದಲ್ಲಿ ಖಾಲಿ ಡಬ್ಬಗಳನ್ನು ಹೂತಿಟ್ಟಿದ್ದರು. ತುಳಿದರೆ ಡಬ್ಬ ಸದ್ದು ಮಾಡಬೇಕು. ಸಲಾಕೆಯನ್ನು ಒಬ್ಬ ಉದ್ದನೆಯವನಿಗೆ ಕೊಟ್ಟ. ಹಿಂದಿನ ಮೂವರಲ್ಲಿ ಕೊನೆಯವನು ಗಿಡ್ಡ. ಯಾರೂ ಉದ್ದನೆಯವನಿಗೆ ಏನೂ ಹೇಳಲಿಲ್ಲ. ಅವನು ತನ್ನ ಕಾಲಿನ ಅಳತೆಗೆ ಆರಾಮಾಗಿ ನಡೆದ. ಗಿಡ್ಡನೆಯವನು ಮೊದಲೆರಡು ಹೆಜ್ಜೆ ಹಾರಿ ಹೇಗೋ ಹಿಡಿದ. ಮೂರನೆಯದಕ್ಕೆ ತೂಕ ತಪ್ಪಿತು. ಡಬ್ಬ ಡಣ್ ಅಂದಿತು.

ತರಬೇತುದಾರ ಉರಿದುಬಿದ್ದ. ‘ಈಗಷ್ಟೇ ಅಷ್ಟುದ್ದ ಹೇಳಿದ್ರಲ್ಲ ಅವ್ರು, ಕಿವಿ ಎಲ್ಲಿಟ್ಟಿದ್ದೆ? ಸತ್ತೆ ನೀನು. ಸತ್ತೆ!’ ಆ ಗಿಡ್ಡನೆಯವನು ತಲೆ ತಗ್ಗಿಸಿ ನಿಂತ. ಗೇಣ ಕುಂಟುತ್ತಾ ಹತ್ತಿರ ಹೋಗಿ ಅವನ ಭುಜ ಹಿಡಿದು, ‘ಹೋಗ್ಲಿ ಬಿಡಪ್ಪ. ನನ್ನಂಥೋನೇ ನೀನು’ ಎಂದ.

ಈಗ ಸುಮ್ಮನಿದ್ದರೆ ಭಾನುವಾರದ ಊಟ ಉಳಿಯುತ್ತದೆ. ಆದರೆ ಆ ಮೈದಾನದಲ್ಲಿದ್ದ ಗಿಡ್ಡನೆಯವರೆಲ್ಲ ಯಾವುದೋ ಬಯಲಿನಲ್ಲಿ ಯಾವನದೋ ಉದ್ದ ಹೆಜ್ಜೆಗೆ ಹಾರಬೇಕಾಗುತ್ತದೆ.

‘ಅವನ ತಪ್ಪಲ್ಲ’ ಎಂದೆ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. ತರಬೇತುದಾರ ತಿರುಗಿದ. ‘ಏನಂದ್ರಿ?’

‘ಮುಂದಿರೋನು ಚಿಕ್ಕ ಹೆಜ್ಜೆ ಹಾಕ್ಬೇಕು. ಎಲ್ರಿಗಿಂತ ಗಿಡ್ಡ ಇರೋನ ಅಳತೆಗೆ. ನಮ್ಗೆ ಹಾಗೇ ಕಲ್ಸಿದ್ರು. ಅವತ್ತು ನಾನು ಹಾಕ್ಲಿಲ್ಲ.’ ಗೇಣ ನನ್ನನ್ನೇ ನೋಡುತ್ತಿದ್ದ. ‘ಗುಂಡು ಹಾರ್ತಿತ್ತು. ಬೇಗ ದಾಟ್ಬೇಕು ಅಂತ ಉದ್ದ ಉದ್ದ ಕಾಲು ಹಾಕ್ದೆ. ಇವ್ನಿಗೆ ಎಟುಕ್ಲಿಲ್ಲ. ಇವ್ನು ಹೆಜ್ಜೆ ತಪ್ಪಿದ್ದಲ್ಲ.’

ಗೇಣ ಆ ಗಿಡ್ಡನೆಯವನ ಭುಜದಿಂದ ಕೈ ತೆಗೆದ. ಹೊಸಬರ ಕಡೆ ತಿರುಗಿ, ‘ನಾನು ಹೇಳಿದ್ದು ಮರ್ತುಬಿಡಿ. ಇವ್ನು ಹೇಳಿದ್ದನ್ನ ನೆನಪಿಟ್ಕೊಳ್ಳಿ’ ಎಂದಷ್ಟೇ ಹೇಳಿ ವ್ಯಾನಿನ ಕಡೆ ನಡೆದ. ತರಬೇತುದಾರ ನನ್ನನ್ನು ತಡೆದು, ಹೆಜ್ಜೆಯ ಅಳತೆ, ಹಗ್ಗ ಕಟ್ಟುವ ರೀತಿ ಎಲ್ಲ ಕೇಳಿ ಬರೆದುಕೊಂಡ.

ವ್ಯಾನ್ ಹೊರಟು ಅರ್ಧ ಗಂಟೆಯಾಗಿತ್ತು. ನಾನು ಗೇರ್ ಬದಲಿಸುವಾಗಲೆಲ್ಲ ತಪ್ಪುತ್ತಿದ್ದೆ. ರೈಲ್ವೆ ಗೇಟು ಹಾಕಿತ್ತು, ನಿಲ್ಲಿಸಿದೆ. ಆಗ ಕೇಳಿದ.

‘ನಾನು ಕೂಗಿದ್ನಾ?’

‘ಕೂಗ್ದೆ.’

‘ಏನಂತ?’

‘ಎಟುಕ್ತಿಲ್ಲ ಅಂತ. ನನ್ ಹೆಸ್ರು ಹಿಡಿದು. ಎರಡು ಸಲ.’

‘ಕೇಳಿಸ್ತಾ ನಿನಗೆ?’

ಸುಳ್ಳು ಹೇಳಲು ಅದು ಕೊನೆಯ ಅವಕಾಶ. ಕೇಳಿಸಲಿಲ್ಲ ಅಂದಿದ್ದರೆ ನಂಬುತ್ತಿದ್ದ, ಅಂಥವನು ಅವನು. ‘ಕೇಳಿಸ್ತು’ ಎಂದೆ.

ಅವನು ಕಿಟಕಿಯಾಚೆ ನೋಡಿದ. ರೈಲು ಹೋದ ಮೇಲೆ ಹೇಳಿದ: ‘ಅವತ್ತು ಹೆದರ್ಕೊಂಡೆ. ಆಯ್ತು. ನಾನೂ ಹೆದರ್ಕೊಂಡಿದ್ದೆ, ಮೇಸ್ತ್ರಿನೂ ಹೆದರ್ಕೊಂಡಿದ್ದ. ಕಾಲು ಹೋಯ್ತು, ಹಾಳಾಗ್ಲಿ. ಆದ್ರೆ ವರ್ಷ ವರ್ಷ ನನ್ನ ಕೈಲೇ ಹೇಳಿಸ್ದೆಯಲ್ಲೋ. ಅಷ್ಟು ಜನರ ಮುಂದೆ ನಂಗೇ ನಾನು ಉಗಿದ್ಕೋತಿದ್ದೆ. ನೀನು ಕೂತು ಕೇಳ್ತಿದ್ದೆ.’

ಹಿಂದಿನ ಲಾರಿಯವನು ಹಾರ್ನ್ ಹೊಡೆದ, ವ್ಯಾನ್ ಮುಂದೆ ಬಿಟ್ಟೆ.

ಮನೆ ಮುಂದೆ ನಿಲ್ಲಿಸಿದಾಗ ಅವನ ಹೆಂಡತಿ ಮೆಟ್ಟಿಲ ಮೇಲೆ ಒಣಗಿದ ಬಟ್ಟೆ ಮಡಚುತ್ತಾ ಕೂತಿದ್ದಳು. ‘ಬನ್ನಿ ಅಣ್ಣ, ಕೈಕಾಲು ತೊಳ್ಕೊಳ್ಳಿ’ ಎಂದಳು. ಗೇಣ ಇಳಿದು, ಬಾಗಿಲಿಗೆ ಒರಗಿ ನಿಂತು, ‘ಕೇಳೇ ಇಲ್ಲಿ. ನಾನು ಹೆಜ್ಜೆ ತಪ್ಪಿರ್ಲಿಲ್ವಂತೆ’ ಎಂದು ಎಲ್ಲವನ್ನೂ ಹೇಳಿದ. ಬೈಯದೆ, ಸೇರಿಸದೆ, ಬಿಡದೆ ಹೇಳಿದ. ನಾನು ವ್ಯಾನಿನ ಬಾಗಿಲು ಹಿಡಿದುಕೊಂಡು ನಿಂತಿದ್ದೆ. ಇಷ್ಟು ವರ್ಷ ಯಾವುದಕ್ಕೆ ಹೆದರಿದ್ದೆನೋ ಅದು ಕಣ್ಣೆದುರಿಗೇ ನಡೆಯುತ್ತಿತ್ತು. ಅವಳು ಕಿರುಚುತ್ತಾಳೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾಳೆ ಎಂದುಕೊಂಡೆ.

ಅವಳು ಮಡಚುತ್ತಿದ್ದ ಅಂಗಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನನ್ನನ್ನು ನೋಡಿದಳು.

‘ಜಗಳ ಆದಾಗಲೆಲ್ಲ ನಾನು ಇವ್ರಿಗೆ ಏನಂದಿದೀನಿ ಗೊತ್ತಾ ನಿಮಗೆ? ನೆಟ್ಟಗೆ ಒಂದು ಹೆಜ್ಜೆ ಇಡೋಕೆ ಬರ್ದೆ ಕಾಲು ಕಳ್ಕೊಂಡ್ ಬಂದೋರು ಅಂದಿದೀನಿ. ಮಗಳ ಮುಂದೆ ಅಂದಿದೀನಿ. ಇವ್ರು ಒಂದ್ ದಿನ ತಿರುಗಿ ಮಾತಾಡ್ಲಿಲ್ಲ.’ ಅವಳು ಅಂಗಿಯನ್ನು ಮತ್ತೆ ಮಡಚಲು ಶುರುಮಾಡಿದಳು. ‘ನೀವು ಊಟಕ್ಕೆ ಕೂತಿದ್ದಾಗಲೂ ಅಂದಿದೀನಿ, ಅಣ್ಣ. ನಿಮ್ಮ ಎದುರಿಗೇ.’

ಅಂದಿದ್ದಳು. ಒಂದಲ್ಲ, ನಾಲ್ಕಾರು ಭಾನುವಾರ ಅಂದಿದ್ದಳು. ಗೇಣ ತಲೆ ತಗ್ಗಿಸಿ ತಟ್ಟೆ ನೋಡುತ್ತಿದ್ದ. ನಾನು ಕೇಳಿಸಿಕೊಂಡು, ಇನ್ನೊಂದು ಸ್ವಲ್ಪ ಬಡಿಸಿಕೊಂಡು, ಊಟ ಮಾಡಿದ್ದೆ.